ಅಭಿವೃದ್ಧಿಯ ಕಡತದಲ್ಲಿ ನಮ್ಮ ಹಸುವಿಗೂ ಒಂದು ಸಾಲು ಇರಲಿ

(ವೈಟ್‌ಫೀಲ್ಡ್ ಸಮೀಪ ನಡೆದ ಹಾಲು ಉತ್ಪಾದಕ ಸದಸ್ಯರ ತಿಳಿವಳಿಕೆ ಶಿಬಿರದಲ್ಲಿ ಸಂಘವೊಂದರ ಹಿರಿಯ ಸದಸ್ಯರು ಮಾಡಿದ ಭಾಷಣದ ಪಾಠ. ಹಲವು ಸಂಘಗಳ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ನನಗೆ ಕೊಟ್ಟಿದ್ದ ವಿಷಯ ಮೇವು. ಯಾವ ತಳಿಯ ಹುಲ್ಲು ಬೆಳೆಯಬೇಕು, ರಸಮೇವು ಹೇಗೆ ಮಾಡಬೇಕು ಎಂಬುದನ್ನು ನನಗಿಂತ ಚೆನ್ನಾಗಿ ಹೇಳುವ ಡಾಕ್ಟರು ಮಧ್ಯಾಹ್ನ ಮಾತನಾಡುವವರಿದ್ದಾರೆ. ಅದಕ್ಕೆ ನಾನು ಅದರ ಹಿಂದಿನ ಮಾತನ್ನು ಹೇಳುತ್ತೇನೆ. ಹುಲ್ಲು ಬೆಳೆಯಲು ಮೊದಲು ನೆಲ ಬೇಕು. ಆ ನೆಲ ನಮ್ಮ ಕೈಯಲ್ಲಿ ಉಳಿಯುವುದು ಹೇಗೆ, ಹೋಗುವುದೇ ಆದರೆ ಯಾವ ಕ್ರಮದಲ್ಲಿ ಹೋಗುತ್ತದೆ, ಆ ಹೊತ್ತಿನಲ್ಲಿ ನಾವು ಏನು ಮಾಡಬೇಕು ಎಂಬುದು ನನ್ನ ಇಂದಿನ ವಿಷಯ. ಸರ್ಕಾರದ ಒಂದು ಮಂಡಳಿ ಭೂಮಿ ಪಡೆದು ಅಭಿವೃದ್ಧಿ ಮಾಡುವ ಕೆಲಸವನ್ನು ನಮ್ಮ ಕಣ್ಣೆದುರಿಗೇ ಮಾಡಿದೆ. ಅದನ್ನು ಬಯ್ಯುವುದಕ್ಕಾಗಲಿ ಹೊಗಳುವುದಕ್ಕಾಗಲಿ ನಾನು ನಿಂತಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ನಾವು ಕಳೆದುಕೊಂಡದ್ದು ಬಹಳ. ತಿಳಿದುಕೊಂಡರೆ ಉಳಿಸಿಕೊಳ್ಳುವುದೂ ಇದೆ.

ಈ ನೆಲದ ಹಿಂದಿನ ಕಥೆ

ವೈಟ್‌ಫೀಲ್ಡ್ ಎಂಬ ಹೆಸರು ಬಂದದ್ದೇ ಬೇಸಾಯದ ಆಸೆಯಿಂದ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಇಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು. ಆ ಸಂಘದ ಮುಖಂಡರಾಗಿದ್ದ ವೈಟ್ ಎಂಬುವರ ಹೆಸರೇ ಊರಿಗೆ ನಿಂತಿತು. ಪಟ್ಟಣದ ಸಂಬಳದ ಕೆಲಸವನ್ನೇ ನಂಬಿದ್ದ ಜನ ಇಲ್ಲಿ ಬಂದು ಉತ್ತು ಬಿತ್ತು ತಮ್ಮ ಕಾಲ ಮೇಲೆ ನಿಲ್ಲಲಿ ಎಂಬುದು ಅಂದಿನ ಉದ್ದೇಶ. ಅಂದರೆ ಈ ಪ್ರದೇಶದಲ್ಲಿ ಸರ್ಕಾರ ಮೊದಲು ಭೂಮಿ ಕೊಟ್ಟದ್ದು ಬೇಸಾಯಗಾರರನ್ನು ನೆಲೆ ನಿಲ್ಲಿಸುವುದಕ್ಕೆ.

ಸುಮಾರು ನೂರು ವರ್ಷ ಕಳೆದ ಮೇಲೆ ಗಾಳಿ ತಿರುಗಿತು. 1978ರ ಹೊತ್ತಿಗೆ ನಗರದ ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಪಶ್ಚಿಮದ ಪೀಣ್ಯ ಕಾರ್ಖಾನೆಗಳ ಊರಾಯಿತು. 1990ರ ದಶಕದಲ್ಲಿ ನಮ್ಮ ಸರದಿ ಬಂತು. ಪಟ್ಟಂದೂರು ಅಗ್ರಹಾರದ ಸುತ್ತ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕ್ ಬಂತು. 1994ರಲ್ಲಿ ಟಾಟಾ ಸಂಸ್ಥೆ, ಸಿಂಗಪುರದ ಕಂಪನಿಗಳ ಕೂಟ ಮತ್ತು ನಮ್ಮ ರಾಜ್ಯದ ಮಂಡಳಿ ಸೇರಿ ಅಂತರರಾಷ್ಟ್ರೀಯ ಟೆಕ್ ಪಾರ್ಕಿಗೆ ಕೈಹಾಕಿದವು. ನಾವೆಲ್ಲ ಐ.ಟಿ.ಪಿ.ಎಲ್. ಎಂದು ಕರೆಯುವುದು ಅದನ್ನೇ. 2007ರಲ್ಲಿ ಮಹದೇವಪುರ ನಗರಸಭೆಯ ಊರುಗಳು ಬೃಹತ್ ಬೆಂಗಳೂರಿಗೆ ಸೇರಿದವು. 2023ರ ಮಾರ್ಚಿನಲ್ಲಿ ಕಾಡುಗೋಡಿಯವರೆಗೆ ಮೆಟ್ರೋ ರೈಲು ಬಂತು. ರಾಗಿ ಹೊಲವಿದ್ದ ಕಡೆ ಗಾಜಿನ ಕಟ್ಟಡ ನಿಂತಿದೆ.

ಇದರಿಂದ ನಮಗೆ ಲಾಭವೇ ಆಗಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ನಮ್ಮ ಮಕ್ಕಳಿಗೆ ಕೆಲಸ ಸಿಕ್ಕಿತು, ರಸ್ತೆ ಬಂತು, ಹಾಲು ಕೊಳ್ಳುವ ಮನೆಗಳು ಸಾವಿರಗಟ್ಟಲೆ ಹೆಚ್ಚಿದವು. ಹಾಲಿಗೆ ಗಿರಾಕಿ ಬೆಳೆದ ಊರಿನಲ್ಲೇ ಹಾಲು ಕೊಡುವ ಹಸುವಿಗೆ ನಿಲ್ಲುವ ಜಾಗ ಇಲ್ಲದಂತಾಯಿತು. ನಮ್ಮ ಕಷ್ಟ ಇರುವುದು ಇಲ್ಲಿ.

ಮಂಡಳಿ ಎಂದರೆ ಏನು?

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆ.ಐ.ಎ.ಡಿ.ಬಿ., 1966ರ ಕಾಯಿದೆಯ ಪ್ರಕಾರ ಹುಟ್ಟಿದ ಸಂಸ್ಥೆ. ಕೈಗಾರಿಕೆಗಳು ಬೇಗ ಮತ್ತು ಕ್ರಮವಾಗಿ ನೆಲೆಗೊಳ್ಳುವಂತೆ ಮಾಡುವುದು, ಅದಕ್ಕೆ ಬೇಕಾದ ಸೌಕರ್ಯ ಒದಗಿಸುವುದು ಅದರ ಕೆಲಸ. ಸರ್ಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಮಂಡಳಿಗೆ ವಹಿಸುತ್ತದೆ. ಮಂಡಳಿ ಆ ನೆಲವನ್ನು ಮಟ್ಟ ಮಾಡಿ, ರಸ್ತೆ, ನೀರು, ವಿದ್ಯುತ್, ಬೀದಿ ದೀಪ, ಚರಂಡಿ ಒದಗಿಸಿ, ನಿವೇಶನ ವಿಂಗಡಿಸಿ ಕೈಗಾರಿಕೆಗಳಿಗೆ ಹಂಚುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಭೂಮಿ ಅಭಿವೃದ್ಧಿ ಎಂಬ ಮಾತು ಸರ್ಕಾರದ ಬೇರೆ ಬೇರೆ ಇಲಾಖೆಗಳಲ್ಲಿ ಬೇರೆ ಬೇರೆ ಅರ್ಥ ಪಡೆದಿದೆ. ವಿಶ್ವ ಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ನಮ್ಮ ಪಕ್ಕದ ಕೋಲಾರ, ತುಮಕೂರು ಜಿಲ್ಲೆಗಳಲ್ಲೂ ನಡೆಯಿತು. ಅಲ್ಲಿ ಅಭಿವೃದ್ಧಿ ಎಂದರೆ ಬದು ಹಾಕುವುದು, ಕೃಷಿ ಹೊಂಡ ತೆಗೆಯುವುದು, ಕೊಚ್ಚಿಹೋಗುವ ಮಣ್ಣನ್ನು ತಡೆಯುವುದು, ಪಾಳು ಬಿದ್ದ ನೆಲದಲ್ಲಿ ಗಿಡ ಮತ್ತು ಹುಲ್ಲು ಎಬ್ಬಿಸುವುದು. ಕೈಗಾರಿಕಾ ಮಂಡಳಿಗೆ ಅಭಿವೃದ್ಧಿ ಎಂದರೆ ತಗ್ಗು ತುಂಬಿಸಿ, ದಿಣ್ಣೆ ಕಡಿದು, ಡಾಂಬರು ಹಾಕುವುದು. ಎರಡೂ ಸರ್ಕಾರದ ಕೆಲಸವೇ, ಎರಡೂ ಕಾನೂನಿನಂತೆಯೇ ನಡೆಯುತ್ತವೆ. ಆದರೆ ಮೊದಲನೆಯದರಲ್ಲಿ ಹಸುವಿಗೆ ಜಾಗವಿದೆ. ಎರಡನೆಯದರಲ್ಲಿ ಹಸುವಿನ ಮಾತನ್ನು ಯಾರಾದರೂ ಎತ್ತದಿದ್ದರೆ ಅದು ಕಡತಕ್ಕೆ ಬರುವುದೇ ಇಲ್ಲ. ಅದನ್ನು ಬರೆಸಬೇಕಾದವರು ನಾವು.

ನೀರಿನ ಮಾತೂ ಹಾಗೆಯೇ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಬಂದು, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಮೇಲಿನ ನೆಲವನ್ನೆಲ್ಲ ಅಭಿವೃದ್ಧಿ ಮಾಡಿ ಹೊಲಸನ್ನು ಕಾಲುವೆಗೆ ಬಿಟ್ಟರೆ ಏನಾಗುತ್ತದೆ ಎಂದು ನಾವು ನೋಡಿದ್ದೇವೆ. 2015ರಲ್ಲಿ ವರ್ತೂರಿನಲ್ಲಿ ನೊರೆ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲೇ ಬೆಂಕಿ ಹೊತ್ತಿತು. ಹಸಿರು ನ್ಯಾಯಮಂಡಳಿ ಕೈಹಾಕಿದ ಮೇಲೆ ಕೆರೆಗಳ ಹೂಳೆತ್ತುವ ಕೆಲಸ ನಡೆಯಬೇಕಾಯಿತು. ನೆಲ ಕೆಡಿಸುವುದಕ್ಕೆ ಕೆಲವೇ ವರ್ಷ ಸಾಕು, ಮತ್ತೆ ಸರಿಪಡಿಸುವುದಕ್ಕೆ ಕೋಟಿಗಟ್ಟಲೆ ಹಣವೂ ಬಹಳ ಕಾಲವೂ ಬೇಕು. ಕೆರೆಯಂಗಳದ ಹುಲ್ಲನ್ನು ನಂಬಿ ಹಸು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಮೀನು ಹೋಗುವ ಕ್ರಮ

ಈಗ ಕಾಯಿದೆಯ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ. 1966ರ ಕಾಯಿದೆಯಲ್ಲಿ 28ನೆಯ ಕಲಂ ಮುಖ್ಯವಾದುದು. ದಯವಿಟ್ಟು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಮೊದಲ ಮೆಟ್ಟಿಲು ಪ್ರಾಥಮಿಕ ಅಧಿಸೂಚನೆ. ಇಂಥ ಊರಿನ ಇಂಥ ಸರ್ವೆ ನಂಬರುಗಳು ಬೇಕಾಗಿವೆ ಎಂದು ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಇದು 28(1). ರಾಜ್ಯಪತ್ರವನ್ನು ನಮ್ಮಲ್ಲಿ ಯಾರೂ ದಿನಾ ಓದುವುದಿಲ್ಲ. ಅದಕ್ಕೇ ಆಗಾಗ ಪಹಣಿ ತೆಗೆಸಿ ನೋಡಬೇಕು ಎಂದು ನಾನು ಹೇಳುವುದು. ಹಕ್ಕು ಮತ್ತು ಋಣದ ಕಲಮಿನಲ್ಲಿ ಹೊಸ ನಮೂದು ಬಂದಿದೆಯೇ ಎಂದು ಅಲ್ಲಿ ಗೊತ್ತಾಗಬಹುದು.

ಎರಡನೆಯ ಮೆಟ್ಟಿಲು ನೋಟಿಸು, ಅಂದರೆ 28(2). ಜಮೀನಿನ ಮಾಲೀಕನಿಗೆ, ಅವನು ಅನುಭವದಲ್ಲಿ ಇಲ್ಲದಿದ್ದರೆ ಅನುಭವದಲ್ಲಿ ಇರುವವನಿಗೆ, ಆ ಜಮೀನಿನಲ್ಲಿ ಹಿತಾಸಕ್ತಿ ಇದೆಯೆಂದು ತಿಳಿದುಬಂದವರಿಗೆ ನೋಟಿಸು ಬರುತ್ತದೆ. ಈ ಜಮೀನನ್ನು ಏಕೆ ತೆಗೆದುಕೊಳ್ಳಬಾರದು ಎಂದು ಮೂವತ್ತು ದಿನದೊಳಗೆ ಕಾರಣ ತಿಳಿಸಿ ಎಂದು ಅದರಲ್ಲಿ ಇರುತ್ತದೆ. ಬಂಧುಗಳೇ, ನಮ್ಮ ಮಾತಿಗೆ ಕಾನೂನಿನಲ್ಲಿ ಬೆಲೆ ಇರುವ ದಿನಗಳು ಈ ಮೂವತ್ತು. ನಮ್ಮಲ್ಲಿ ಬಹಳ ಜನ ಈ ನೋಟಿಸನ್ನು ಸಹಿ ಹಾಕಿ ತೆಗೆದುಕೊಂಡು, ದೇವರ ಪಟದ ಹಿಂದೆ ಸಿಕ್ಕಿಸಿ, ಊರಿನವರೆಲ್ಲ ಏನು ಮಾಡುತ್ತಾರೋ ನೋಡೋಣ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ನೋಟಿಸು ತೆಗೆದುಕೊಳ್ಳದಿದ್ದರೆ ಜಮೀನು ಉಳಿಯುತ್ತದೆ ಎಂದು ನಂಬಿರುತ್ತಾರೆ. ಎರಡೂ ತಪ್ಪು.

ಮೂರನೆಯ ಮೆಟ್ಟಿಲು ವಿಚಾರಣೆ, 28(3). ಕೊಟ್ಟ ಆಕ್ಷೇಪಣೆಯನ್ನು ಪರಿಶೀಲಿಸಿ, ಮಾತನಾಡಲು ಅವಕಾಶ ಕೊಟ್ಟ ಮೇಲೆ ಆದೇಶ ಆಗಬೇಕು. ನಾಲ್ಕನೆಯದು ಅಂತಿಮ ಅಧಿಸೂಚನೆ, 28(4). ಅದು ಪ್ರಕಟವಾದ ಕೂಡಲೇ 28(5)ರ ಪ್ರಕಾರ ಭೂಮಿ ಸರ್ಕಾರದ ಸ್ವತ್ತು. ನೀವು ಇನ್ನೂ ಅದರಲ್ಲಿ ರಾಗಿ ಕೊಯ್ಯುತ್ತಿರಬಹುದು, ಆದರೆ ಕಾನೂನಿನಲ್ಲಿ ಅದು ನಿಮ್ಮದಲ್ಲ. ಆಮೇಲೆ ಸ್ವಾಧೀನ ಬಿಟ್ಟುಕೊಡಿ ಎಂಬ ನೋಟಿಸು ಬರುತ್ತದೆ. ಕೊನೆಗೆ ಸರ್ಕಾರ ಆ ನೆಲವನ್ನು ಮಂಡಳಿಗೆ ಹಸ್ತಾಂತರಿಸುತ್ತದೆ.

ಪರಿಹಾರದ ಮಾತು 29ನೆಯ ಕಲಮಿನಲ್ಲಿದೆ. ಒಪ್ಪಂದದಿಂದ ದರ ಗೊತ್ತುಮಾಡಬಹುದು. ಒಪ್ಪಂದವಾಗದಿದ್ದರೆ ವಿಚಾರಣೆ ನಡೆದು ತೀರ್ಪು ಆಗುತ್ತದೆ, ಆಮೇಲೆ ನ್ಯಾಯಾಲಯದ ದಾರಿಯೂ ಇದೆ. ಕೆಲವು ಯೋಜನೆಗಳಲ್ಲಿ ಹಣದ ಬದಲಿಗೆ ಅಭಿವೃದ್ಧಿಪಡಿಸಿದ ಜಾಗ ಕೊಡುವ ಪದ್ಧತಿಯೂ ಉಂಟು. ಯಾವುದನ್ನು ಒಪ್ಪುವುದಿದ್ದರೂ ಓದಿ ತಿಳಿದು, ಮನೆಯವರೆಲ್ಲ ಕುಳಿತು ಮಾತನಾಡಿ ಸಹಿ ಹಾಕಬೇಕು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ದರ ಸಾಲದು ಎಂದು ಕೋರ್ಟಿಗೆ ಹೋಗುವುದು ಬಹಳ ಕಷ್ಟ.

ಪರಿಹಾರದ ಲೆಕ್ಕದಲ್ಲಿ ಹಸು ಎಲ್ಲಿದೆ?

ಜಮೀನಿಗೆ ಎಕರೆ ಲೆಕ್ಕದಲ್ಲಿ ದರ ಕಟ್ಟುತ್ತಾರೆ. ಆದರೆ ಆ ಎಕರೆ ನಮ್ಮ ಕೊಟ್ಟಿಗೆಗೆ ಏನು ಕೊಡುತ್ತಿತ್ತು ಎಂಬುದನ್ನು ನಾವೇ ಲೆಕ್ಕ ಹಾಕಿರುವುದಿಲ್ಲ. ಈಗ ಹಾಕೋಣ.

ಒಂದು ಸೀಮೆ ಹಸುವಿಗೆ ದಿನಕ್ಕೆ ಸುಮಾರು ಆರು ಕಿಲೋ ಒಣಮೇವು ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,190 ಕಿಲೋ, ಅಂದರೆ ಎರಡು ಟನ್ನಿಗೂ ಹೆಚ್ಚು. ನಮ್ಮ ಕಡೆ ಒಂದು ಎಕರೆ ಮಳೆಯಾಶ್ರಿತ ರಾಗಿ ಹೊಲ ಕೊಡುವ ಹುಲ್ಲು ಹೆಚ್ಚು ಕಡಿಮೆ ಒಂದೇ ಹಸುವಿಗೆ ಸಾಕಾಗುತ್ತದೆ. ಹಸಿರು ಮೇವು ದಿನಕ್ಕೆ ಇಪ್ಪತ್ತೈದು ಕಿಲೋ ಎಂದರೆ ವರ್ಷಕ್ಕೆ ಒಂಬತ್ತು ಟನ್ನಿಗೂ ಮೇಲೆ. ನೀರಿರುವ ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲು ಹಾಕಿ ಗೊಬ್ಬರ ಕೊಟ್ಟು ನೋಡಿಕೊಂಡರೆ ಎರಡು ಹಸುವಿಗೆ ಹಸಿರು ಮೇವು ನಡೆಯುತ್ತದೆ. ಅಂದರೆ ಎರಡು ಹಸು ಇಟ್ಟ ಮನೆಗೆ ಎರಡು ಎಕರೆ ಹೊಲ, ಹತ್ತು ಗುಂಟೆ ನೀರಾವರಿ ಇದ್ದರೆ ಹುಲ್ಲಿಗೆ ಯಾರ ಮುಂದೆಯೂ ಕೈಚಾಚಬೇಕಿಲ್ಲ. ಆ ಎರಡು ಎಕರೆ ಹೋದರೆ ಮರುದಿನದಿಂದಲೇ ಹುಲ್ಲು, ಹಿಂಡಿ, ಬೂಸಾ ಮೂರನ್ನೂ ಹಣ ಕೊಟ್ಟು ತರಬೇಕು. ಹಾಲಿನ ದರ ಎಲ್ಲರಿಗೂ ಒಂದೇ, ಖರ್ಚು ಮಾತ್ರ ನಮಗೆ ದುಪ್ಪಟ್ಟು. ವರ್ಷ ಎರಡು ವರ್ಷ ಎಳೆದಾಡಿ ಕೊನೆಗೆ ಹಸು ಮಾರುತ್ತೇವೆ.

ಹಸು ಮಾರಿದ ಮೇಲೆ ಇನ್ನೊಂದು ನಷ್ಟ ಇದೆ. ಬೈಲಾ ಪ್ರಕಾರ ನಿಗದಿತ ದಿನಗಳು ಹಾಲು ಹಾಕದವರಿಗೆ ಸಂಘದಲ್ಲಿ ಮತದ ಹಕ್ಕು ಇರುವುದಿಲ್ಲ. ಮೊದಲು ನೆಲ ಹೋಯಿತು, ಆಮೇಲೆ ಹಸು ಹೋಯಿತು, ಕೊನೆಗೆ ಸಂಘವೂ ಹೋಯಿತು.

ಇಲ್ಲಿ ಕುಳಿತಿರುವ ತಾಯಂದಿರು ಇನ್ನೊಂದು ಮಾತನ್ನು ಗಮನಿಸಬೇಕು. ಪಹಣಿ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿ ಇರುತ್ತದೆ. ಹಸುವಿನ ಕೆಲಸ ಮಾಡುವವರು ನೀವು, ಡೇರಿಯ ಬಟವಾಡೆಯಲ್ಲಿ ಮನೆ ನಡೆಸುವವರೂ ನೀವು. ಜಮೀನು ಹೋದಾಗ ಪರಿಹಾರದ ಚೆಕ್ಕು ಪಹಣಿಯಲ್ಲಿ ಹೆಸರಿರುವವರಿಗೆ ಬರುತ್ತದೆ, ನಿಲ್ಲುವುದು ನಿಮ್ಮ ಬಟವಾಡೆ. ಹದಿನೈದು ದಿನಕ್ಕೊಮ್ಮೆ ಕೈಗೆ ಬರುತ್ತಿದ್ದ ಹಣಕ್ಕೆ ಯಾರೂ ಪರಿಹಾರ ಬರೆಯುವುದಿಲ್ಲ. ಆದ್ದರಿಂದ ಜಮೀನಿನ ಮಾತು ಜಗಲಿಯ ಮೇಲೆ ಗಂಡಸರು ಮಾತ್ರ ತೀರ್ಮಾನಿಸುವ ವಿಷಯ ಅಲ್ಲ. ಬಂದ ಹಣದಲ್ಲಿ ಬೇರೆ ಕಡೆ ಸ್ವಲ್ಪ ನೆಲ ಕೊಳ್ಳುವುದಾದರೆ ಅದರಲ್ಲಿ ನಿಮ್ಮ ಹೆಸರೂ ಇರಲಿ ಎಂದು ಈಗಲೇ ಕೇಳಿ.

ಗೋಮಾಳಕ್ಕೆ ನೋಟಿಸು ಬರುವುದಿಲ್ಲ

ಇದುವರೆಗೆ ಹೇಳಿದ್ದು ಹಿಡುವಳಿ ಜಮೀನಿನ ಮಾತು. ಇನ್ನು ಗೋಮಾಳಕ್ಕೆ ಬರೋಣ. ಜಮೀನಿಲ್ಲದ ನಮ್ಮ ಸದಸ್ಯರಿಗೆ, ಕುರಿ ಮೇಕೆ ಸಾಕುವವರಿಗೆ ಆಧಾರವಾಗಿದ್ದದ್ದು ಅದು.

ಕರ್ನಾಟಕ ಭೂಕಂದಾಯ ಕಾಯಿದೆ 1964ರ 71 ಮತ್ತು 72ನೆಯ ಕಲಮುಗಳಲ್ಲಿ ಊರಿನ ದನಗಳಿಗೆ ಉಚಿತವಾಗಿ ಮೇಯಲು ಜಮೀನು ಬಿಡುವ ಮಾತಿದೆ. 1966ರ ನಿಯಮಗಳಲ್ಲಿ 97ನೆಯ ನಿಯಮ ಅದಕ್ಕೆ ಅಳತೆಯನ್ನೂ ಹೇಳುತ್ತದೆ. ನೂರು ದನಗಳಿಗೆ ಹನ್ನೆರಡು ಹೆಕ್ಟೇರ್, ಅಂದರೆ ಸುಮಾರು ಮೂವತ್ತು ಎಕರೆ. ಈ ಅಳತೆಗಿಂತ ಹೆಚ್ಚಾಗಿ ಗೋಮಾಳ ಇದ್ದರೆ ಆ ಹೆಚ್ಚಿನ ಭಾಗವನ್ನು ಬೇರೆ ಕೆಲಸಕ್ಕೆ ಕೊಡುವ ಮಾತು ಏಳುತ್ತದೆ.

ಈಗ ಕೆ.ಐ.ಎ.ಡಿ.ಬಿ. ಕಾಯಿದೆಯ 32ನೆಯ ಕಲಂ ನೋಡಿ. ಸರ್ಕಾರಕ್ಕೆ ಸೇರಿದ ಭೂಮಿಯನ್ನು ಸರ್ಕಾರ ಮಂಡಳಿಯ ವಶಕ್ಕೆ ಕೊಡಬಹುದು ಎಂದು ಅದು ಹೇಳುತ್ತದೆ. ಗೋಮಾಳ ಸರ್ಕಾರದ ಭೂಮಿ, ಅದಕ್ಕೆ ಖಾಸಗಿ ಮಾಲೀಕನಿಲ್ಲ. ಹಿಡುವಳಿದಾರನ ಮನೆಗೆ ಬರುವ ನೋಟಿಸಿನಂತೆ ಗೋಮಾಳದಲ್ಲಿ ದನ ಮೇಯಿಸುವವನ ಮನೆಗೆ ನೋಟಿಸು ಬರುವುದಿಲ್ಲ. ಒಂದು ದಿನ ಬೆಳಿಗ್ಗೆ ದನ ಹೊಡೆದುಕೊಂಡು ಹೋದಾಗ ಕಲ್ಲು ನೆಟ್ಟಿರುತ್ತದೆ. ಎಲ್ಲರದೂ ಆದ ನೆಲದ ಪರವಾಗಿ ಯಾರೂ ಅರ್ಜಿ ಹಾಕಿರುವುದಿಲ್ಲ.

ಇದಕ್ಕೆ ಮದ್ದು ದನಗಳ ಲೆಕ್ಕದಲ್ಲಿದೆ. ಊರಿನಲ್ಲಿ ಎಷ್ಟು ದನ ಇವೆ ಎಂಬುದರ ಮೇಲೆ ಎಷ್ಟು ಗೋಮಾಳ ಉಳಿಯಬೇಕು ಎಂಬುದು ನಿಲ್ಲುತ್ತದೆ. ಇಪ್ಪತ್ತನೆಯ ಜಾನುವಾರು ಗಣತಿ 2019ರಲ್ಲಿ ಆಯಿತು, ಇಪ್ಪತ್ತೊಂದನೆಯದು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಗಣತಿಯವರು ಬಂದಾಗ ತೆರಿಗೆ ಹಾಕುತ್ತಾರೇನೋ ಎಂದು ಹೆದರಿ ನಾಲ್ಕು ಹಸು ಇದ್ದರೆ ಎರಡು ಎನ್ನುವವರು ನಮ್ಮಲ್ಲೇ ಇದ್ದಾರೆ. ಕರು, ಎಮ್ಮೆ, ಗಬ್ಬದ ಪಡ್ಡೆಗಳನ್ನು ಲೆಕ್ಕಕ್ಕೆ ಕೊಡುವುದಿಲ್ಲ. ಹೀಗೆ ಮುಚ್ಚಿಟ್ಟ ಒಂದೊಂದು ದನಕ್ಕೂ ಹನ್ನೆರಡು ಗುಂಟೆ ಗೋಮಾಳದ ಲೆಕ್ಕ ಕೈಬಿಡುತ್ತೇವೆ ಎಂದು ತಿಳಿಯಬೇಕು. ಮೂವತ್ತು ಎಕರೆ ಎಂದರೆ 1,200 ಗುಂಟೆ, ನೂರು ದನಕ್ಕೆ ಹಂಚಿದರೆ ತಲಾ ಹನ್ನೆರಡು ಗುಂಟೆ. ಲೆಕ್ಕ ಸುಲಭವಾಗಿಯೇ ಇದೆ.

ಗೋಮಾಳ ಹೋಗುವುದು ಮಂಡಳಿಯಿಂದ ಮಾತ್ರ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿಯನ್ನು ನೋಡಲು ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ ವಿಧಾನಮಂಡಲದ ಜಂಟಿ ಸದನ ಸಮಿತಿಯೇ ಆಗಬೇಕಾಯಿತು. ಒತ್ತುವರಿ ಮಾಡಿದವರಲ್ಲಿ ಹೊರಗಿನವರೂ ಇದ್ದಾರೆ, ನಮ್ಮ ಊರಿನವರೂ ಇದ್ದಾರೆ. 2011ರ ಜನವರಿ 28ರಂದು ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಮೀನುಗಳ ಒತ್ತುವರಿ ತೆರವು ಮಾಡಿ ಹಳ್ಳಿಯ ಜನರ ಬಳಕೆಗೆ ಹಿಂತಿರುಗಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಆದೇಶಿಸಿತು. ನಮ್ಮ ಅರ್ಜಿಗೆ ಬಲ ಕೊಡುವ ತೀರ್ಪು ಇದು. ಆದರೆ ಅರ್ಜಿ ಹಾಕುವ ಕೈ ಸ್ವಚ್ಛವಾಗಿರಬೇಕು. ಗೋಮಾಳದಲ್ಲಿ ತನ್ನದೇ ಬೇಲಿ ಹಾಕಿಕೊಂಡವನು ಗೋಮಾಳ ಉಳಿಸಿ ಎಂದರೆ ಯಾರು ಕೇಳುತ್ತಾರೆ?

ದೇವನಹಳ್ಳಿ ಕಲಿಸಿದ ಪಾಠ

ಏನು ಮಾಡಿದರೂ ಸರ್ಕಾರದ ಮುಂದೆ ನಡೆಯುವುದಿಲ್ಲ ಎಂದು ಕೈಚೆಲ್ಲುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಕೈಗಾರಿಕಾ ಪಾರ್ಕಿಗೆ ತೆಗೆದುಕೊಳ್ಳಲು ಪ್ರಕ್ರಿಯೆ ಆರಂಭವಾಯಿತು. ಕಾಯಿದೆ ಇದೇ, ಮಂಡಳಿಯೂ ಇದೇ. 2022ರ ಏಪ್ರಿಲಿನಲ್ಲಿ ಅಲ್ಲಿನ ರೈತರು ಧರಣಿ ಕುಳಿತರು. ಮೂರು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ತಾವಾಗಿ ಕೊಡಲು ಮುಂದೆ ಬರುವವರ ಜಮೀನನ್ನು ಮಾತ್ರ ತೆಗೆದುಕೊಳ್ಳುವುದಾಗಿ ತಿಳಿಸಿದರು.

ಅವರು ಗೆದ್ದದ್ದು ಬರೀ ಘೋಷಣೆ ಕೂಗಿದ್ದರಿಂದ ಅಲ್ಲ. ನಮ್ಮ ನೆಲ ಬರಡು ನೆಲವಲ್ಲ, ಇಲ್ಲಿ ರಾಗಿ ಇದೆ, ತರಕಾರಿ ಇದೆ, ದ್ರಾಕ್ಷಿ ಇದೆ, ರೇಷ್ಮೆ ಇದೆ, ಹೈನು ಇದೆ ಎಂದು ನಾಡಿಗೆಲ್ಲ ತಿಳಿಯುವಂತೆ ಮಾಡಿದರು. ಹಳ್ಳಿ ಹಳ್ಳಿ ಒಟ್ಟಿಗೆ ನಿಂತವು. ಎಲ್ಲ ಕಡೆಯೂ ಇದೇ ಫಲ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಕೈಗಾರಿಕೆ ಬೇಡ ಎಂದೂ ಹೇಳಲಾರೆ. ಕೆಲವರಿಗೆ ಜಮೀನು ಕೊಡುವುದೇ ಅನುಕೂಲವಾಗಿರಬಹುದು, ಅದು ಅವರವರ ಇಷ್ಟ. ಕೊಡುವುದಿದ್ದರೂ ಬಿಡುವುದಿದ್ದರೂ ತಿಳಿದು ಮಾಡಬೇಕು, ಒಟ್ಟಾಗಿ ಮಾಡಬೇಕು ಎಂಬುದೇ ಪಾಠ.

ನಮ್ಮ ಮನೆಯ ತಪ್ಪು

ಒಂದು ಮನೆಮಾತು ಹೇಳಿಬಿಡುತ್ತೇನೆ. ನಮ್ಮ ಕುಟುಂಬದ ಸ್ವಲ್ಪ ಜಮೀನು ಬಹಳ ಹಿಂದೆ ಒಂದು ರಸ್ತೆಗೆ ಹೋಯಿತು. ಪಹಣಿ ನಮ್ಮ ತಾತನ ಹೆಸರಿನಲ್ಲೇ ಇತ್ತು. ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಪೌತಿ ಖಾತೆ ಮಾಡಿಸಿರಲಿಲ್ಲ. ಇವತ್ತು ಮಾಡಿಸೋಣ, ನಾಳೆ ಮಾಡಿಸೋಣ ಎಂದು ನಮ್ಮ ತಂದೆ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ತಳ್ಳಿದ್ದರು. ಪರಿಹಾರ ಬಂದಾಗ ಯಾರಿಗೆ ಕೊಡುವುದು ಎಂಬ ಪ್ರಶ್ನೆ ಎದ್ದಿತು. ಅಣ್ಣತಮ್ಮಂದಿರಲ್ಲಿ ಮಾತು ಬೆಳೆಯಿತು, ಅತ್ತೆಯಂದಿರೂ ಪಾಲು ಕೇಳಿದರು. ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ ಕುಳಿತಿತು. ಅಷ್ಟರಲ್ಲಿ ಮನೆಯಲ್ಲಿದ್ದ ಮೂರು ಹಸುವಿಗೆ ಹುಲ್ಲಿಲ್ಲದೆ ನಮ್ಮ ತಾಯಿ ಎರಡನ್ನು ಮಾರಿದರು. ಅವು ಹೊರಟ ದಿನ ಅವರು ಊಟ ಮಾಡಲಿಲ್ಲ. ಹಣ ಕೈಗೆ ಬರುವ ಹೊತ್ತಿಗೆ ಆ ಹಣಕ್ಕೆ ಸುತ್ತಮುತ್ತ ಎಲ್ಲಿಯೂ ನೆಲ ಸಿಗುತ್ತಿರಲಿಲ್ಲ. ಇದರಲ್ಲಿ ಯಾವ ಕಚೇರಿಯ ತಪ್ಪೂ ಇಲ್ಲ. ಒಂದು ಖಾತೆ ಮಾಡಿಸದೆ ಇದ್ದ ನಮ್ಮ ಸೋಮಾರಿತನದ ಫಲ. ನಿಮ್ಮಲ್ಲಿ ಎಷ್ಟು ಮನೆಗಳ ಪಹಣಿ ಇನ್ನೂ ತೀರಿಹೋದವರ ಹೆಸರಿನಲ್ಲಿದೆ ಎಂದು ಕೈ ಎತ್ತಲು ಹೇಳುವುದಿಲ್ಲ. ನಿಮಗೇ ಗೊತ್ತು.

ನಾವು ಮಾಡಬೇಕಾದ ಕೆಲಸಗಳು

ಕೊನೆಯದಾಗಿ, ಪ್ರತಿ ಸಂಘವೂ ಪ್ರತಿ ಸದಸ್ಯರೂ ಮಾಡಬಹುದಾದ ಕೆಲಸಗಳನ್ನು ಹೇಳುತ್ತೇನೆ.

1. ಪೌತಿ ಖಾತೆ, ವಿಭಾಗ ಬಾಕಿ ಇದ್ದರೆ ಮೊದಲು ಮಾಡಿಸಿ. ಹೊಸ ಪಹಣಿ ತೆಗೆಸಿ ಹೆಸರು, ವಿಸ್ತೀರ್ಣ, ಖರಾಬು ಎಷ್ಟಿದೆ ಎಂದು ನೋಡಿ.

2. ಬಗರ್‌ಹುಕುಂ ಸಾಗುವಳಿ ಇರುವವರು ನಮೂನೆ 50, 53 ಅಥವಾ 57ರಲ್ಲಿ ಹಾಕಿದ ಅರ್ಜಿಯ ಪ್ರತಿ, ಕಟ್ಟಿದ ದಂಡದ ರಸೀದಿಗಳನ್ನು ಜೋಪಾನವಾಗಿಡಿ. ಸಾಗುವಳಿ ಚೀಟಿ ಇಲ್ಲದವರ ಕೈಯಲ್ಲಿ ಉಳಿಯುವ ದಾಖಲೆ ಅದೊಂದೇ.

3. ನೋಟಿಸು ಬಂದರೆ ತಾರೀಕು ಬರೆದು ತೆಗೆದುಕೊಳ್ಳಿ. ಮೂವತ್ತು ದಿನದೊಳಗೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ನನ್ನ ಜಮೀನು ಬಿಟ್ಟುಬಿಡಿ ಎಂಬ ಒಂದು ಸಾಲು ಸಾಲದು. ಎಷ್ಟು ಹಸು ಇವೆ, ದಿನಕ್ಕೆ ಎಷ್ಟು ಲೀಟರ್ ಹಾಲು ಹಾಕುತ್ತೀರಿ, ಎಷ್ಟು ಹುಲ್ಲು ಈ ಜಮೀನಿನಿಂದ ಬರುತ್ತದೆ ಎಂದು ಬರೆಯಿರಿ. ಸಂಘದ ಹಾಲಿನ ಪುಸ್ತಕವೇ ಸಾಕ್ಷಿ. ಕಾರ್ಯದರ್ಶಿಗಳು ಕೇಳಿದ ಸದಸ್ಯರಿಗೆ ಹಾಲು ಸರಬರಾಜಿನ ವಿವರ ಬರೆದುಕೊಡಬೇಕು.

4. ಜಂಟಿ ಅಳತೆಗೆ ಬಂದಾಗ ಖುದ್ದು ನಿಂತು ನೋಡಿ. ಕೊಟ್ಟಿಗೆ, ಕೊಳವೆಬಾವಿ, ಪೈಪು, ತೆಂಗು, ಮಾವು, ಹಲಸು, ಬೇಲಿ ಎಲ್ಲವೂ ಪಟ್ಟಿಗೆ ಸೇರಬೇಕು. ಬರೆಯದೆ ಹೋದ ಮಾಲ್ಕಿಗೆ ಪರಿಹಾರ ಇಲ್ಲ.

5. ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ ಮತ್ತು ಊರಿನ ದನಗಳ ಲೆಕ್ಕವನ್ನು ಪ್ರತಿ ಸಂಘವೂ ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. 97ನೆಯ ನಿಯಮದಂತೆ ಎಷ್ಟು ಇರಬೇಕು, ಈಗ ಎಷ್ಟು ಇದೆ ಎಂದು ಎದುರು ಬದುರು ಬರೆಯಲಿ. ಆ ಹಾಳೆಯನ್ನು ಇಟ್ಟು ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಲಿ. ನೋಟಿಸು ಬಾರದ ನೆಲಕ್ಕೆ ನಮ್ಮ ಅರ್ಜಿಯೇ ಮೊದಲು ಹೋಗಿರಬೇಕು.

6. ಕೈಗಾರಿಕಾ ಪ್ರದೇಶ ಬರುವುದು ಖಚಿತವಾದ ಕಡೆ ರಾಜಕಾಲುವೆ, ಕೆರೆ, ದನದ ದಾರಿ ಉಳಿಸಬೇಕೆಂದು ನಕ್ಷೆ ಸಹಿತ ಬೇಡಿಕೆ ಇಡಿ. ನಕ್ಷೆ ಆಗುವ ಮೊದಲು ಕೇಳಿದರೆ ಒಂದು ಗೆರೆ ಬದಲಾಗಬಹುದು. ಕಾಂಪೌಂಡು ಎದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಬಂಧುಗಳೇ, ಸಹಕಾರ ಸಂಘ ಎಂದರೆ ಹಾಲು ಅಳೆದು ಹಣ ಹಂಚುವ ಕಟ್ಟೆ ಮಾತ್ರ ಅಲ್ಲ. ಒಬ್ಬೊಬ್ಬರೇ ಹೋದರೆ ಬಾಗಿಲಲ್ಲಿ ನಿಲ್ಲಿಸುವ ಕಚೇರಿ, ಇನ್ನೂರು ಸದಸ್ಯರ ಸಂಘದ ನಿರ್ಣಯ ತಂದರೆ ಕುರ್ಚಿ ಹಾಕಿ ಕೂರಿಸುತ್ತದೆ. ಹಾಲಿನ ದರಕ್ಕೆ ನಾವು ಒಟ್ಟಾಗಿ ಕೇಳಿದ್ದೇವೆ, ಪಡೆದಿದ್ದೇವೆ. ಹಾಲು ಹುಟ್ಟುವ ನೆಲಕ್ಕೂ ಹಾಗೆಯೇ ಕೇಳಬೇಕು. ಅಧಿಕಾರಿಗಳೂ ಮನುಷ್ಯರೇ. ಕಡತದಲ್ಲಿ ಇದ್ದದ್ದನ್ನು ಓದುತ್ತಾರೆ, ಇಲ್ಲದ್ದನ್ನು ಓದಲಾರರು. ನಮ್ಮ ಹಸುವಿನ ಹೆಸರಿನಲ್ಲಿ ಒಂದು ಸಾಲನ್ನು ಆ ಕಡತಕ್ಕೆ ಸೇರಿಸುವುದು ನಮ್ಮ ಕೆಲಸ.

ಇವತ್ತು ಸಂಜೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಗಳನ್ನು ಒಂದು ಪ್ರಶ್ನೆ ಕೇಳಿ: ನಮ್ಮೂರ ಗೋಮಾಳದ ಸರ್ವೆ ನಂಬರು ಎಷ್ಟು? ಅವರಿಗೂ ಗೊತ್ತಿಲ್ಲದಿದ್ದರೆ ನಾಳೆಯೇ ಇಬ್ಬರೂ ಸೇರಿ ನಾಡಕಚೇರಿಗೆ ಹೋಗಿ. ಕೆಲಸ ಅಲ್ಲಿಂದ ಆರಂಭವಾಗಲಿ.